ಇಂದುಬಾಯಿ ಟೀಚರ್ ಕಡಲಿಗಿಳಿದದ್ದು

ನೀರಿನ ಮೇಲೆ ಅಂಗಾತ ಮಲಗಿ ಆರಾಮಾಗಿ ಮಾತಾಡುವವರನ್ನು ನಾನು ನೋಡಿದ್ದು ಒಬ್ಬರನ್ನೇ. ನಮ್ಮ ಪಿ.ಟಿ. ಟೀಚರ್ ಇಂದುಬಾಯಿ. ಕಲಬುರಗಿ ಹತ್ತಿರದ ಕಮಲಾಪುರದ ನಮ್ಮ ಬಾಳೆತೋಟದ ಬಾವಿಯಲ್ಲಿ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು, ಎರಡೂ ಕೈ ತಲೆಯ ಕೆಳಗೆ ಮಡಚಿಟ್ಟು, ಕಣ್ಣು ಮುಚ್ಚಿ, ಮನೆಯ ಮಂಚದ ಮೇಲೆ ಒರಗಿದವರ ಹಾಗೆ ತೇಲುತ್ತಿದ್ದರು. ಮೆಟ್ಟಿಲುಗಳ ಮೇಲೆ ನಡುಗುತ್ತ ಕೂತ ನಮಗೆ ಅಲ್ಲಿಂದಲೇ ಪಾಠ.

“ಯಾಕ ಹಾಂಗ ಕೈಕಾಲು ಬಡೀತೀ ಭಾಗ್ಯಾ? ನೀರು ನಿನಗೇನು ಮಾಡ್ಯದ?”

ಭಾಗ್ಯಾ ಎಂದರೆ ನಾನು, ನೀರಿಗಿಳಿದ ಸರದಿ ನನ್ನದು. ಅವರ ದನಿ ಬಾವಿಯ ಕಲ್ಲುಗಳಿಗೆ ತಾಗಿ ಎರಡರಷ್ಟಾಗಿ ಮೇಲೆ ಬರುತ್ತಿತ್ತು. ತೋಟದ ಆ ಕಡೆ ಬಾಳೆಗೊನೆ ಕಡಿಯುತ್ತಿದ್ದ ಆಳುಗಳಿಗೂ ಕೇಳಿಸಿ ಅವರೂ ನಗುತ್ತಿದ್ದರು.

ಟೀಚರದು ಕುಳ್ಳನೆಯ ಮೈಕಟ್ಟು. ಅಗಲ ಭುಜ, ಕಪ್ಪು ಮೈಬಣ್ಣ, ಕಾಲಿಗೆ ಚಾಕ್‌ಪೀಸ್ ತೀಡಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಸೀರೆ ಉಟ್ಟು ಬೂಟು ಹಾಕುತ್ತಿದ್ದ ಹೆಂಗಸು ಆಗ ನಮ್ಮೂರಲ್ಲಿ ಅವರೊಬ್ಬರೇ. ಯಾರನ್ನೂ ಹೊಗಳುತ್ತಿರಲಿಲ್ಲ. ಜಿಲ್ಲಾಮಟ್ಟದಲ್ಲಿ ನಮ್ಮ ಶಾಲೆಯ ಹುಡುಗಿ ಓಟದಲ್ಲಿ ಮೊದಲು ಬಂದು ಕಪ್ ಹಿಡಿದು ಎದುರು ನಿಂತಾಗಲೂ ಅವರ ಬಾಯಿಂದ ಬಂದದ್ದು “ಪರವಾಗಿಲ್ಲ” ಎಂಬ ಒಂದೇ ಮಾತು. ಆ “ಪರವಾಗಿಲ್ಲ” ಸಿಗಲೆಂದು ನಾವು ಸಾಯುವಷ್ಟು ಓಡುತ್ತಿದ್ದೆವು.

ಶಾಲೆಯಲ್ಲಿ ಈಜು ಕಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೊಳವಿಲ್ಲದ, ಹೊಳೆ ಹತ್ತಿರವಿಲ್ಲದ ಊರು. ಆದರೆ ಚಿಕ್ಕಂದಿನಲ್ಲಿ ಅವರ ಅಕ್ಕ ಕಲ್ಲುಖಣಿಯ ನೀರಿಗೆ ಬಟ್ಟೆ ಒಗೆಯಲು ಹೋಗಿ ಕಾಲುಜಾರಿ ಮುಳುಗಿ ಹೋಗಿಬಿಟ್ಟಿದ್ದರು. ದಂಡೆಯ ಮೇಲೆ ಹೆಂಗಸರು ತುಂಬ ಇದ್ದರಂತೆ, ಈಜು ಬರುವವರು ಒಬ್ಬರೂ ಇರಲಿಲ್ಲವಂತೆ. ಅದಾದ ಮೇಲೆ ಅವರಪ್ಪ, ಊರೂರು ಬಾವಿ ತೋಡುವ ಕೆಲಸ ಮಾಡುತ್ತಿದ್ದವನು, ಕಿರಿಮಗಳ ಸೊಂಟಕ್ಕೆ ಹಗ್ಗ ಕಟ್ಟಿ ತಾನು ತೋಡಿದ ಬಾವಿಗಳಲ್ಲೇ ಇಳಿಸಿ ಕಲಿಸಿದ. ಇದನ್ನು ಟೀಚರ್ ನಮಗೆ ಹೇಳಿದ್ದು ಒಂದೇ ಸಲ, ಅದೂ ಸೀಟಿಯ ದಾರದ ಗಂಟು ಬಿಡಿಸುತ್ತ, ಬೇರೆ ಕಡೆ ನೋಡುತ್ತ. ಮರುಕ್ಷಣವೇ “ಏಳ್ರಿ, ನೀರಿಗಿ ನಡೀರಿ” ಎಂದು ಎಬ್ಬಿಸಿದ್ದರು.

ಭಾನುವಾರ ಬೆಳಿಗ್ಗೆ ಬಾವಿ. ಸೊಂಟದ ಎರಡೂ ಕಡೆ ಬಾಳೆದಿಂಡಿನ ತುಂಡು ಕಟ್ಟಿಕೊಂಡು ಇಳಿಯಬೇಕು. ವಾರ ವಾರಕ್ಕೆ ಅವರು ದಿಂಡನ್ನು ಸ್ವಲ್ಪ ಸ್ವಲ್ಪ ಕೊಯ್ದು ಸಣ್ಣದು ಮಾಡುತ್ತಿದ್ದರು. ನಮಗೆ ಗೊತ್ತಾಗುವಷ್ಟರಲ್ಲಿ ಅದು ಅಂಗೈ ಅಗಲಕ್ಕೆ ಬಂದು, ನಾವು ತೇಲುತ್ತಿದ್ದುದು ನಮ್ಮಷ್ಟಕ್ಕೇ ಆಗಿರುತ್ತಿತ್ತು.

ಬಾವಿ ನಮ್ಮದು ಎಂದೆನಲ್ಲ, ಅದರ ಕತೆಯೂ ಒಂದಿದೆ. ಟೀಚರ್ ಊರಾಚೆಯ ಓಣಿಯವರು. ಬೌದ್ಧ ಮನೆತನ. ನಮ್ಮದು ಲಿಂಗವಂತರ ಮನೆ. ಅವ್ವ ಒಪ್ಪಿದ್ದರಿಂದ ಅವರು ಬಾವಿಗೆ ಬರತೊಡಗಿದ್ದರು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆಯಿಗೆ, ಎಂದರೆ ಅಪ್ಪನ ತಾಯಿಗೆ, ಯಾರೂ ಹೇಳಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಭಾನುವಾರ ಆಯಿ ಕೋಲೂರಿಕೊಂಡು ತೋಟಕ್ಕೆ ಬಂದುಬಿಟ್ಟಳು. ಬಾವಿಯ ಕಟ್ಟೆಗೆ ನಿಂತು ಕೆಳಗೆ ನೋಡಿ, ನೀರಲ್ಲಿ ಯಾರಿದ್ದಾರೆಂದು ಗುರುತು ಹಿಡಿದು ಕೂಗಿದಳು.

“ಏ ಇಂದೂ! ಯಾರ್ನ ಕೇಳಿ ಇಳದೀ? ಇಲ್ಲೀತನಕ ಈ ನೀರಾಗ ನಿಮ್ಮ ಮಂದಿ ಕೈ ಅದ್ದಿಲ್ಲ!”

ನಾವು ಹುಡುಗಿಯರು ಮೆಟ್ಟಿಲಿಗೆ ಅಂಟಿಕೊಂಡೆವು. ಟೀಚರ್ ಈಜುತ್ತ ಬಂದು ಕೆಳಗಿನ ಮೆಟ್ಟಿಲ ಮೇಲೆ ನಿಂತರು. ಮೈಯಿಂದ ನೀರು ಸುರಿಯುತ್ತಿತ್ತು. ದನಿ ಏರಿಸಲಿಲ್ಲ.

“ಆಯೀ, ಈ ಬಾವಿ ತೋಡಿದವ ನಮ್ಮಪ್ಪ ರೀ. ಸೆಲಿ ಎದ್ದ ದಿನ ಈ ನೀರು ಎಲ್ಲರಕಿಂತ ಮೊದಲ ಮುಟ್ಟಿದ್ದು ಅವನ ಪಾದ. ನಿಮ್ಮನಿ ಮಂದಿ ಕುಡದದ್ದು ಆಮ್ಯಾಲ.”

ಆಯಿ ಕೋಲನ್ನು ಕಟ್ಟೆಗೆ ಕುಟ್ಟಿದಳು. ಅಷ್ಟರಲ್ಲಿ ಅವ್ವ ಓಡೋಡಿ ಬಂದು ಅವಳ ತೋಳು ಹಿಡಿದಳು. “ಅತ್ತೀ, ಬಿಸಲಾಗ ನಿಂದರಬ್ಯಾಡ್ರಿ, ಮನಿಗಿ ನಡೀರಿ” ಎಂದಳು. ನಾಲ್ಕು ಹೆಜ್ಜೆ ನಡೆದ ಅವ್ವ ತಿರುಗಿ, “ಭಾಗ್ಯಾ, ಪೂರಾ ಕಲ್ತು ಬಾ” ಎಂದು ಹೇಳಿ ಹೋದಳು. ಆಯಿ ಕೊನೆಯವರೆಗೂ ಒಪ್ಪಲಿಲ್ಲ. ಭಾನುವಾರ ತೋಟದ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ. ಟೀಚರ್ ಕೂಡ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ನನ್ನ ಜೊತೆ ಕಲಿಯುತ್ತಿದ್ದವಳು ನಸ್ರೀನ್. ಅವಳಪ್ಪ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಲಾರಿಗೆ ತುಂಬಿ ಕಳಿಸುವ ವ್ಯಾಪಾರಿ, ಒಳ್ಳೆಯ ಮನುಷ್ಯ. ಆದರೆ ಮಗಳನ್ನು ಬಾವಿಗೆ ಕಳಿಸಲು ಮನಸ್ಸಿರಲಿಲ್ಲ. ಒಂದು ಸಂಜೆ ಟೀಚರ್ ಅವರ ಮನೆಗೇ ಹೋದರು. ನಾನೂ ಬೆನ್ನಿಗಿದ್ದೆ.

“ಟೀಚರಮ್ಮಾ, ಹುಡುಗಿಗಿ ಈಜು ಕಲ್ತು ಏನು ಮಾಡೋದದ? ನಮ್ಮ ಕಡೆ ದರಿಯಾ, ಸಮುದ್ರ ಎಲ್ಲಿ ಅದ?” ಎಂದರು ಅವರು, ಚಹಾದ ಬಸಿ ಮುಂದೆ ಸರಿಸುತ್ತ.

“ದರಿಯಾ ಇಲ್ಲಂತಲೇ ಕಲಸಾಕತ್ತೀನಿ ಭಾಯ್. ಇದ್ದಿದ್ರ ತಾವೇ ಕಲೀತಿದ್ರು, ನಾ ಯಾಕ ಬೇಕಿತ್ತು?”

ಅವರಿಗೆ ನಗು ಬಂತು. ನಕ್ಕ ಮೇಲೆ ಇಲ್ಲವೆನ್ನಲು ಆಗಲಿಲ್ಲ. ನಸ್ರೀನಳ ಅಮ್ಮ ಕೊರಳಿಂದ ಕಾಲಿನವರೆಗೆ ಮುಚ್ಚುವ ದಪ್ಪ ಸಲ್ವಾರ್ ಕಮೀಜು ಹೊಲಿದು ಕೊಟ್ಟಳು. ಅದರ ಭಾರಕ್ಕೋ ಏನೋ ನಸ್ರೀನ್ ಮುಳುಗಿದಳು. ಮುಳುಗುತ್ತಲೇ ಇದ್ದಳು. ನಾವೆಲ್ಲ ಕಲಿತು ಮೇಲಿಂದ ಜಿಗಿಯುವ ಹೊತ್ತಿಗೂ ಅವಳಿಗೆ ದಿಂಡು ಬೇಕು. ಮೂರು ವರ್ಷ ಹೀಗೇ ಆಯಿತು. ಟೀಚರ್ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಅವಳು ಕೆಮ್ಮುತ್ತ ಮೇಲೆ ಬಂದಾಗಲೆಲ್ಲ, “ತಳ ಮುಟ್ಟಿದ್ಯೇನು? ಇಲ್ಲ? ಹಾಂಗಾದ್ರ ಇನ್ನೊಮ್ಮಿ” ಎನ್ನುತ್ತಿದ್ದರು. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲಿನ ಭಾನುವಾರ ನಸ್ರೀನ್ ದಿಂಡಿಲ್ಲದೆ ಈಜುತ್ತ ಬಾವಿಯನ್ನು ಸುತ್ತು ಹಾಕಿ ಬಂದಳು. “ಪರವಾಗಿಲ್ಲ” ಎಂದರು ಟೀಚರ್. ಆ ಮಾತಿಗೆ ನಸ್ರೀನ್ ಮೆಟ್ಟಿಲ ಮೇಲೆ ಕೂತು ಅತ್ತಳು.

ಕಾಲ ಉರುಳಿತು. ನಾನು ಕಲಬುರಗಿಯಲ್ಲಿ ಜಗತ್ ಸರ್ಕಲ್ ಹತ್ತಿರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ನಸ್ರೀನ್ ಮದುವೆಯಾಗಿ ಕೋಟೆಯ ಪಕ್ಕದ ಗಲ್ಲಿಗೆ ಬಂದು ಅಲ್ಲೇ ಹೊಲಿಗೆ ಅಂಗಡಿ ಇಟ್ಟಳು. ಮದುವೆಯಾಗದ ಟೀಚರ್ ನಿವೃತ್ತಿಯ ನಂತರ ಊರಂಚಿನ ಕುಸನೂರಿನಲ್ಲಿ ತಮ್ಮನಾದ ಮಿಲಿಂದನ ಮನೆಯ ಪಕ್ಕ ಎರಡು ಕೋಣೆ ಕಟ್ಟಿಸಿಕೊಂಡಿದ್ದರು. ಮೊಣಕಾಲು ಊದಿ ನಡೆಯುವುದು ಕಷ್ಟವಾಗಿತ್ತು. ರಕ್ತ ತಪಾಸಣೆಗೆ ನಮ್ಮ ಲ್ಯಾಬಿಗೆ ಬಂದಾಗ ನಸ್ರೀನಳನ್ನೂ ಕರೆಯುತ್ತಿದ್ದೆ. ಮೂವರೂ ಕೂತು ಚಹಾ ಕುಡಿಯುವುದು.

ಅಂಥ ಒಂದು ಮಧ್ಯಾಹ್ನ ನಸ್ರೀನ್ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಗೋಕರ್ಣದ ಆಸುಪಾಸಿನ ಕಡಲು. ಹಳದಿ ಬಣ್ಣದ ಕಿರಿದಾದ ಕಯಾಕ್ ದೋಣಿಗಳು, ಒಂದೊಂದರಲ್ಲಿ ಇಬ್ಬಿಬ್ಬರು ಹುಟ್ಟು ಹಾಕುತ್ತ ಕೂತಿದ್ದಾರೆ. ಬಂಡೆಯ ಬುಡದಲ್ಲಿ ಅಲೆ ಕೊರೆದ ಗುಹೆ. ದೋಣಿ ಅದರೊಳಗೆ ಹೋಗುತ್ತದೆ. ಆಮೇಲೆ ಜನ ಮುಖಕ್ಕೆ ಗಾಜಿನ ಮುಖವಾಡ ಹಾಕಿ, ಬಾಯಿಗೆ ಕೊಳವೆ ಕಚ್ಚಿಕೊಂಡು ನೀರಿನಲ್ಲಿ ತಲೆ ಅದ್ದಿ ಮೀನು ನೋಡುತ್ತಿದ್ದಾರೆ.

ಟೀಚರ್ ಚಹಾ ಆರಲು ಬಿಟ್ಟು ನೋಡಿದರು. “ನೀರು ಇಷ್ಟು ತಿಳಿ ಇರ್ತದೇನು?”

“ನೀವು ಸಮುದ್ರ ನೋಡೇ ಇಲ್ಲೇನ್ರಿ ಟೀಚರ್?” ಎಂದೆ. ನಮಗೆಲ್ಲ ಈಜು ಕಲಿಸಿದವರು ಸಮುದ್ರ ನೋಡಿರಲಾರರು ಎಂದು ನನಗೆ ಎಂದೂ ಹೊಳೆದಿರಲಿಲ್ಲ.

“ನೋಡಿಲ್ಲ. ಅದ್ರಾಗ ನಾಚಿಕಿ ಏನದ? ನೋಡ್ದೇ ಸತ್ರ ನಾಚಿಕಿ.” ಮೊಬೈಲನ್ನು ನಸ್ರೀನಳ ಕೈಗಿಟ್ಟು ಕೇಳಿದರು: “ಯಾವಾಗ ಹೋಗೂಣು?”

ನಸ್ರೀನ್ ಮೂವರಿಗೂ ಮೈತುಂಬುವ ಈಜುಡುಗೆ ಹೊಲಿದಳು. ನೀರು ಹೀರದ ಬಟ್ಟೆ, ಉದ್ದ ತೋಳು, ಕೆಳಗೆ ಪ್ಯಾಂಟು. ಟೀಚರ್ ಕನ್ನಡಿ ಮುಂದೆ ನಿಂತು ಹಿಂದೆ ಮುಂದೆ ತಿರುಗಿ ನೋಡಿಕೊಂಡು, “ಜನ್ಮದಾಗ ಮೊದಲನೇ ಪ್ಯಾಂಟು” ಎಂದು ಘೋಷಿಸಿದರು. ಚಳಿಗಾಲದ ಒಂದು ಶನಿವಾರ ಬಸ್ಸು ಹತ್ತಿ, ಮರುದಿನ ಬೆಳಿಗ್ಗೆ ಕಡಲತೀರ ಸೇರಿದೆವು.

ಬಸ್ಸಿನ ದಾರಿಯುದ್ದಕ್ಕೂ ಮಾತಾಡಿದವರು ಮರಳಿಗೆ ಕಾಲಿಟ್ಟ ಮೇಲೆ ಮಾತು ನಿಲ್ಲಿಸಿಬಿಟ್ಟರು.  ಕೊನೆಗೆ, “ಇದಕ ಆಚಿ ದಂಡಿನೇ ಇಲ್ಲಲ್ಲ” ಎಂದರು. ಅಷ್ಟೇ.

ನಮ್ಮನ್ನು ದೋಣಿಯಲ್ಲಿ ಕರೆದೊಯ್ಯಬೇಕಾದ ನಾಗೇಶ ಆ ಊರಿನವನೇ. ಮೂವತ್ತೈದರ ಆಸುಪಾಸು, ಬಿಸಿಲಿಗೆ ತಲೆಗೂದಲು ಕೆಂಚಾದ ಗಟ್ಟಿ ಆಳು. ಟೀಚರ್ ಮರಳಲ್ಲಿ ಮೊಣಕಾಲು ಹಿಡಿದು ನಡೆದು ಬರುವುದನ್ನು ದೂರದಿಂದಲೇ ನೋಡಿದ್ದ.

“ಅಮ್ಮನಿಗೆ ಎಷ್ಟು ವರ್ಷ ಆಯ್ತು?”

“ಅರವತ್ತಮೂರು.”

“ಅರವತ್ತರ ಮೇಲಿನವರನ್ನ ನಾವು ಕರ್ಕೊಂಡು ಹೋಗುದಿಲ್ಲ ಅಮ್ಮ. ಸಮುದ್ರ ಬೇರೆ ತರ. ನೀವು ಇಲ್ಲೇ ನೆರಳಲ್ಲಿ ಕೂತ್ಕಳಿ, ಇವರಿಬ್ಬರನ್ನ ತಿರುಗ್ಸಿ ತರ್ತೆ.”

ನಸ್ರೀನಳ ಮುಖ ಕೆಂಪೇರಿತು. “ಇವರ್ಯಾರಂತ ಗೊತ್ತದೇನ್ರಿ ನಿಮಗ? ನಮ್ಮ ಊರಾಗ...”

“ನೀ ಸುಮ್ನಿರು” ಎಂದರು ಟೀಚರ್. “ಅವರು ಹೇಳೂದು ಬರೋಬ್ಬರಿ ಅದ. ಅವರಿಗಿ ನಾ ಏನು ಗೊತ್ತು?” ಆಮೇಲೆ ನಾಗೇಶನ ಕಡೆ ತಿರುಗಿ, “ನಿಮ್ಮ ಮುಂದ ನೀರಿಗಿ ಇಳೀತೇನಿ. ನೋಡ್ರಿ. ಸರಿ ಅನಸ್ಲಿಲ್ಲಂದ್ರ ನೆರಳಾಗ ಕುಂದರ್ತೇನಿ, ಒಂದು ಮಾತು ಆಡಂಗಿಲ್ಲ.”

ನಾಗೇಶ ಒಪ್ಪಿದ. ಟೀಚರ್ ಬಾವಿಯ ಮೆಟ್ಟಿಲು ಇಳಿಯುವವರ ಹಾಗೆ ನೆಟ್ಟಗೆ ನಡೆದರು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ಅಷ್ಟರಲ್ಲಿ ಒಂದು ಅಲೆ ಎದ್ದು ಎದೆಗೆ ಗುದ್ದಿ ಅವರನ್ನು ಮಗುಚಿ ಹಾಕಿಬಿಟ್ಟಿತು. ಕಾಲು ಮೇಲೆ, ತಲೆ ಕೆಳಗೆ. ದಂಡೆಯಲ್ಲಿ ಫೋಟೋ ತೆಗೆಯುತ್ತಿದ್ದ ಕೆಲವರು ಕಿಸಕ್ಕನೆ ನಕ್ಕರು.  ನಮ್ಮ ಟೀಚರನ್ನು ನೀರು ಬೀಳಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ. ಓಡಿದೆವು. ಅವರು ಮೇಲೆದ್ದು ಅಂಗೈ ತೋರಿಸಿ ನಮ್ಮನ್ನು ತಡೆದರು. ಕೂದಲೆಲ್ಲ ಮುಖಕ್ಕೆ ಅಂಟಿತ್ತು. ಉಗುಳಿ, ಮೂಗು ಸೀನಿ, ಜೋರಾಗಿ ನಕ್ಕರು.

“ಏ ಅವ್ವಾ! ಉಪ್ಪು ಭಾಳ ಆಗ್ಯದ!”

ನಾನು ನಾಗೇಶನ ಮುಖ ನೋಡಿದೆ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಟೀಚರ್ ಅವನ ಹತ್ತಿರ ಬಂದು, ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿ ನಿಂತರು.

“ಸರ, ನನಗ ನಿಂತ ನೀರು ಗೊತ್ತು. ಇದು ನಡ್ಯೂ ನೀರು. ಹ್ಯಾಂಗ ತಗೋಬೇಕು ಇದನ್ನ? ಕಲಸ್ರಿ.”

ನಾಗೇಶನಿಗೆ ಏನನ್ನಿಸಿತೋ. ವರ್ಷವಿಡೀ ಅವನ ಬಳಿ ಬರುವವರು ತಮಗೆಲ್ಲ ಗೊತ್ತು ಎನ್ನುವವರೇ ಇರಬೇಕು. ಅವರ ಪಕ್ಕ ನೀರಿಗಿಳಿದು ಹೇಳಿಕೊಟ್ಟ: ಅಲೆಗೆ ಎದೆ ಕೊಡಬಾರದು, ಅದು ಮುರಿಯುವ ಮೊದಲು ತಲೆ ತಗ್ಗಿಸಿ ಅಡಿಯಿಂದ ನುಸುಳಬೇಕು, ಹಿಂದೆ ಎಳೆಯುವಾಗ ಕಾಲೂರಿ ಹಟ ಮಾಡಬಾರದು. ಅವರು ಒಂದೊಂದಕ್ಕೂ “ಹೌದ್ರಿ, ಹೌದ್ರಿ” ಎನ್ನುತ್ತಿದ್ದರು. ಮೊದಲ ಅಲೆಯ ಕೆಳಗೆ ನುಸುಳಿದರು. ಎರಡನೆಯದಕ್ಕೆ ತಪ್ಪಿ ಮತ್ತೆ ಉಪ್ಪು ಕುಡಿದರು. ಆಮೇಲಿನವುಗಳಿಗೆ ತಪ್ಪಲಿಲ್ಲ. ಅಲೆ ಮುರಿಯುವ ಜಾಗ ದಾಟಿ ಹೋಗಿ, ಲಂಗರು ಹಾಕಿದ್ದ ಮೀನುದೋಣಿಯೊಂದನ್ನು ಕೈಯಲ್ಲಿ ತಟ್ಟಿ, ಅಲ್ಲೇ ಅಂಗಾತ ಮಲಗಿದರು. ಕಡಲು ಅವರನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು.

“ನಾಗೇಶ ಸರ! ಇದು ತೊಟ್ಟಲಾ ತೂಗಿದಾಂಗ ಅದ ನೋಡ್ರಿ!” ಎಂದು ಅಲ್ಲಿಂದ ಕೂಗಿದರು.

ನಕ್ಕವರ ಗುಂಪಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನಾಗೇಶ ಒಂದು ಲೈಫ್ ಜಾಕೆಟ್ ಆರಿಸಿ, ತಾನೇ ಅವರಿಗೆ ತೊಡಿಸಿ, ಪಟ್ಟಿ ಬಿಗಿದ. “ನನ್ನ ಕಯಾಕಿನಲ್ಲಿ ಮುಂದೆ ಕೂತ್ಕಳಿ ಅಮ್ಮ” ಎಂದ.

ನಾವೂ ಒಂದೊಂದು ಜಾಕೆಟ್ ತೊಟ್ಟೆವು. ಎರಡು ಕಯಾಕು. ಒಂದರಲ್ಲಿ ಅವರು ಮತ್ತು ನಾಗೇಶ, ಇನ್ನೊಂದರಲ್ಲಿ ನಾನು ಮತ್ತು ನಸ್ರೀನ್. ಗುಡ್ಡದ ಮೂಗು ಸುತ್ತಿದೊಡನೆ ದಂಡೆಯ ಗದ್ದಲ ಅಡಗಿತು. ಕಪ್ಪು ಬಂಡೆಗಳ ಗೋಡೆ, ಅದರ ಬುಡದಲ್ಲಿ ಸಾಲಾಗಿ ಗುಹೆಗಳ ಬಾಯಿ. ಮೊದಲನೆಯದು ದೊಡ್ಡದು. ಒಳಗೆ ಹೋದಾಗ ಮೈಗೆ ತಣ್ಣಗಾಯಿತು. ಹೊರಗಿನ ಬಿಸಿಲು ನೀರಿನಡಿಯಿಂದ ಬಂದು ಛಾವಣಿಯ ಕಲ್ಲಿನ ಮೇಲೆ ಹಸಿರಾಗಿ ಕುಣಿಯುತ್ತಿತ್ತು. ಎಲ್ಲೋ ಆಳದಲ್ಲಿ ನೀರು ಗುಡುಗಿದ ಹಾಗೆ ಸದ್ದು. ಟೀಚರ್ ಕೈ ಚಾಚಿ ಗೋಡೆಯನ್ನು ಮುಟ್ಟಿ, “ಇದನ್ನ ತೋಡಿದವರು ಯಾರೂ ಕೂಲಿ ಕೇಳಿಲ್ಲ” ಎಂದು ತಮ್ಮಷ್ಟಕ್ಕೆ ನಕ್ಕರು.

ಎರಡು ಗುಹೆಗಳ ನಡುವೆ ಬಂಡೆಗಳು ಬಳಸಿಕೊಂಡ ಒಂದು ನಿಂತ ನೀರಿನ ಮಡುವಿತ್ತು. ಅಲ್ಲಿ ಮುಖವಾಡ ಹಾಕಿ ನೀರಿಗಿಳಿದೆವು. ಕೊಳವೆ ಕಚ್ಚಿಕೊಂಡು ಬಾಯಲ್ಲಿ ಉಸಿರಾಡುವುದು ನನಗೆ ಬೇಗ ಒಗ್ಗಲಿಲ್ಲ. ಟೀಚರ್ ತಲೆ ಅದ್ದಿದವರು ಮೇಲೆತ್ತಲೇ ಇಲ್ಲ. ನಾನು ಗಾಬರಿಯಾಗಿ ಭುಜ ಮುಟ್ಟಿದೆ. ಅವರು ತಲೆಯೆತ್ತಿ ಕೊಳವೆ ಕಿತ್ತರು. ಮುಖವಾಡದ ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು.

“ಭಾಗ್ಯಾ, ತಳ ಕಾಣಸ್ತದ! ಬಾವ್ಯಾಗ ನಾ ಕಣ್ಣು ಬಿಟ್ರೂ ಒಂದೇ, ಮುಚ್ಚಿದ್ರೂ ಒಂದೇ ಇತ್ತು. ಇಲ್ಲಿ ನನ್ನ ನೆರಳು ತಳದಾಗ ಬಿದ್ದದ, ಅದ್ರಾಗ ಮೀನು ಆಡಾಕತ್ತಾವ!”

ಪಟ್ಟೆಪಟ್ಟೆ ಮೀನುಗಳ ಹಿಂಡೊಂದು ಅವರ ಹೊಟ್ಟೆಯ ಕೆಳಗಿಂದ ಹೋಯಿತು. ಅವರು ಅದರ ಹಿಂದೆ ನಿಧಾನವಾಗಿ ಹೋದರು. ನೆಲದ ಮೇಲೆ ಹತ್ತು ಹೆಜ್ಜೆಗೆ ನಿಂತು ಸುಧಾರಿಸಿಕೊಳ್ಳುತ್ತಿದ್ದ ಮೊಣಕಾಲು ನೀರಿನಲ್ಲಿ ನೋವನ್ನೇ ಮರೆತಿತ್ತು. ನಾಗೇಶ ಎರಡು ಸಲ ಹೊರಡೋಣ ಎಂದ. ಎರಡು ಸಲವೂ ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗೆ ಮಾಡಿದರು.

ಆಗಬಾರದ್ದು ಆದದ್ದು ಎರಡನೆಯ ಗುಹೆಯಲ್ಲಿ. ಅದರ ಬಾಯಿ ಇಕ್ಕಟ್ಟು. ನಾಗೇಶ ಮತ್ತು ಟೀಚರ್ ಒಳಗೆ ಹೋಗಿ ಪಕ್ಕಕ್ಕೆ ನಿಂತು, ನಾವು ಅಲೆ ನೋಡಿಕೊಂಡು ಬರಬೇಕೆಂದು ಸನ್ನೆ ಮಾಡಿದರು. ನಾವು ಹೊರಟೆವು. ನನ್ನ ಹುಟ್ಟು ಬಂಡೆಗೆ ತಾಗಿತು. ಕಯಾಕ್ ಅಡ್ಡ ತಿರುಗಿತು. ಹಿಂದಿನಿಂದ ಬಂದ ಅಲೆ ಅದನ್ನು ಹಾಗೇ ಮಗುಚಿ ಹಾಕಿತು.

ಮೇಲೆ ಬಂದಾಗ ಮಗುಚಿದ ಕಯಾಕ್ ನನ್ನ ಪಕ್ಕದಲ್ಲೇ ಇತ್ತು. ದೂರ ಸರಿಯಲು ನೋಡಿದೆ, ಆಗಲಿಲ್ಲ. ಕಯಾಕಿನ ಅಂಚಿಗೆ ಕಟ್ಟಿದ ಹಗ್ಗ ನನ್ನ ಪಾದಕ್ಕೆ ಸುತ್ತಿಕೊಂಡಿತ್ತು. ಅಲೆ ಕಯಾಕನ್ನೂ ನನ್ನನ್ನೂ ಒಟ್ಟಿಗೆ ಎತ್ತಿ ಗೋಡೆಯತ್ತ ಒಯ್ದಿತು. ಗೋಡೆಯ ತುಂಬ ಚೂರಿಯಂಥ ಚಿಪ್ಪುಗಳು. ಭುಜ ಬಂಡೆಗೆ ಬಡಿಯಿತು. ಕೂಗಲು ಬಾಯಿ ತೆರೆದರೆ ನೀರು. ಕಲಿತದ್ದೆಲ್ಲ ಮರೆತು ಕೈಕಾಲು ಬಡಿಯತೊಡಗಿದೆ. ಬಡಿದಷ್ಟೂ ಹಗ್ಗ ಬಿಗಿಯಿತು.

ಒಳಗಿನಿಂದ ನಾಗೇಶ ಜಿಗಿಯಲು ಎದ್ದದ್ದು ಕಂಡಿತು. ಟೀಚರ್ ತಿರುಗಿ ಅವನ ಮಣಿಕಟ್ಟು ಹಿಡಿದದ್ದೂ ಕಂಡಿತು.

ನಸ್ರೀನ್ ನನಗೂ ಗೋಡೆಗೂ ನಡುವೆ ಬಂದಳು. ಬೆನ್ನ ಮೇಲೆ ಮಲಗಿ, ಎರಡೂ ಪಾದಗಳನ್ನು ಬಂಡೆಗೆ ಕೊಟ್ಟು, ಬರುವ ಅಲೆಯ ಭಾರವನ್ನು ಕಾಲಲ್ಲಿ ತಡೆದಳು. ಕಯಾಕ್ ಅವಳ ಹೆಗಲಿಗೆ ಗುದ್ದುತ್ತಿತ್ತು. ನೀರು ಹಿಂದೆ ಸರಿದ ಗಳಿಗೆಯಲ್ಲಿ ನನ್ನ ಕಾಲನ್ನು ಎಳೆದು ಹಗ್ಗವನ್ನು ಹಿಮ್ಮಡಿಯಿಂದ ಜಾರಿಸಿದಳು. ಮೊದಲ ಸಲ ಆಗಲಿಲ್ಲ. ಮತ್ತೊಂದು ಅಲೆ ಬಂತು, ಮತ್ತೆ ಕಾಲು ಕೊಟ್ಟು ತಡೆದಳು. ಎರಡನೆಯ ಸಲ ಹಗ್ಗ ಬಿಚ್ಚಿತು.

“ಇಬ್ಬರೂ ಬೆನ್ನ ಮ್ಯಾಲ” ಎಂದರು ಟೀಚರ್ ಒಳಗಿನಿಂದ. ದನಿ ಸಣ್ಣಗಿತ್ತು. “ಹಾಂಗೇ ಹೊರಗ ಹೋಗ್ರಿ. ನೀರೇ ಒಯ್ತದ.”

ನಾವು ತೇಲಿಕೊಂಡು ಬಿಸಿಲಿಗೆ ಬಂದೆವು. ಅವರು ಹಿಂದೆಯೇ ಬಂದರು. ನಾಗೇಶ ನಮ್ಮ ಕಯಾಕನ್ನು ನೆಟ್ಟಗೆ ಮಾಡಿ, ನಮ್ಮನ್ನು ಹತ್ತಿಸಿ, ಹತ್ತಿರದ ಒಂದು ಸಣ್ಣ ಮರಳ ದಂಡೆಗೆ ಕರೆದೊಯ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

“ನೀವು ನನ್ನ ಕೈ ಹಿಡ್ಕೊಂಡ್ರಲ್ಲ ಅಮ್ಮ! ಏನಾದ್ರೂ ಆಗಿದ್ರೆ?”

“ನೀವು ಹಾರಿದ್ರ ನಮ್ಮ ದೋಣಿ ಅವರ ಮ್ಯಾಲೇ ಹೋಗಿ ಬಡೀತಿತ್ತು. ನನಗ ಇದನ್ನ ನಡಸಾಕ ಬರಂಗಿಲ್ಲ. ಅದಕ ಹಿಡದೆ. ಆಮ್ಯಾಲ, ಆಕಿ ಬಿಡಸ್ತಾಳಂತ ಗೊತ್ತಿತ್ತು.”

“ಹೇಗೆ ಗೊತ್ತಿತ್ತು?”

“ಮೂರು ವರ್ಸ ನನ್ನ ಕಣ್ಣ ಮುಂದ ಮುಳಗ್ಯಾಳ ರೀ ಆಕಿ. ಆಕಿಗಿ ನೀರಿನ ಅಂಜಿಕಿ ಎಂದೋ ಖಾಲಿ ಆಗ್ಯದ.”

 ನಾಗೇಶ ಔಷಧಿಯ ಡಬ್ಬಿ ತರಲು ಕಯಾಕಿನ ಕಡೆ ಹೋದ.

ನಸ್ರೀನಳ ಅಂಗಾಲು, ಮೀನಖಂಡ ಎಲ್ಲ ಚಿಪ್ಪಿಗೆ ತರಚಿ ರಕ್ತ ಜಿನುಗುತ್ತಿತ್ತು. ಟೀಚರ್ ಮರಳಲ್ಲಿ ಕೂತು ಅವಳ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಕುಡಿಯುವ ನೀರಿನ ಬಾಟಲಿ ಬಗ್ಗಿಸಿ ಒಂದೊಂದೇ ಗಾಯ ತೊಳೆದರು. ತೊಳೆದ ಗಾಯವನ್ನೇ ಮತ್ತೆ ತೊಳೆದರು. ಬಾಟಲಿ ಖಾಲಿಯಾದ ಮೇಲೂ ಬಗ್ಗಿಸುತ್ತಲೇ ಇದ್ದರು. ನಾನು ಬಾಟಲಿ ತೆಗೆದುಕೊಂಡೆ. ಗುಹೆಯೊಳಗೆ ಅಷ್ಟು ಸಮಾಧಾನದಿಂದ ಕೂತಿದ್ದವರ ಒಳಗೆ ಏನಾಗಿತ್ತೆಂದು ನನಗೆ ಆಗ ತಿಳಿಯಿತು. ನಸ್ರೀನ್ ಅವರ ಮುಖ ನೋಡುತ್ತಿದ್ದಳು. ಈಗ ಮೂವತ್ತೆಂಟರ ಹೆಂಗಸು, ಎರಡು ಮಕ್ಕಳ ತಾಯಿ. ಆದರೂ ಅವಳು ಕಾಯುತ್ತಿದ್ದುದು ಅದೊಂದು “ಪರವಾಗಿಲ್ಲ”ಕ್ಕೆ ಎಂದು ನನಗೆ ಗೊತ್ತಿತ್ತು. ಟೀಚರ್ ಅದನ್ನು ಹೇಳಲಿಲ್ಲ. ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

ಹೇಳಿದ್ದು ಆಮೇಲೆ, ನಮಗಲ್ಲ, ಸಿಕ್ಕಸಿಕ್ಕವರಿಗೆ. ದಂಡೆಯ ಹೋಟೆಲಿನಲ್ಲಿ ಮೀನು ಸಾರು ಬಡಿಸಿದ ಹೆಂಗಸಿಗೆ, “ಈಕಿ ಗುಹೆದಾಗ ಗೆಳತಿನ್ನ ಉಳಿಸ್ಯಾಳ್ರಿ. ನನ್ನ ಹುಡುಗಿ” ಎಂದರು. ಎಳನೀರಿನವನಿಗೆ ಹೇಳಿದರು. ತಿರುಗಿ ಬರುವ ಬಸ್ಸಿನ ಕಂಡಕ್ಟರು ಟಿಕೆಟ್ ಕೇಳಲು ಬಂದರೆ ಅವನಿಗೂ ಮೊದಲಿಂದ ಕಡೆಯವರೆಗೆ ಹೇಳಿದರು. ಅವನು ಪಾಪ, ಹಿಂದಿನ ಸೀಟುಗಳವರು ಕರೆಯುತ್ತಿದ್ದರೂ ಕೇಳಿಸಿಕೊಂಡು ನಿಂತ. ನಸ್ರೀನ್ ನಾಚಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳು ನಗುತ್ತಿದ್ದುದು ಗಾಜಿನಲ್ಲಿ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ನಾನೂ ಆ ಕತೆಯಲ್ಲಿದ್ದೆ ಎಂಬುದೇ ಸಾಕೆನಿಸಿತು.

ಮುಂದಿನ ಮಳೆಗಾಲದಲ್ಲಿ ಟೀಚರ್ ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಮಿಲಿಂದ ನನಗೆ ಫೋನು ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. “ಅಕ್ಕ ಹೋದಳು ಭಾಗ್ಯಾ. ಕಮಲಾಪುರಕ್ಕ ಒಯ್ಯಾಕತ್ತೀವಿ. ಹುಡುಗ್ಯಾರಿಗಿ ಹೇಳು” ಎಂದ. ನಾನು ಇಬ್ಬರಿಗೆ ಹೇಳಿದೆ. ಅವರು ತಮಗೆ ಗೊತ್ತಿದ್ದವರಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಊರಾಚೆಯ ಆ ಸಣ್ಣ ಓಣಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಹುಮನಾಬಾದಿನಿಂದ, ಸೇಡಂನಿಂದ, ಬೀದರಿನಿಂದ ಬಂದಿದ್ದರು. ಯಾವ ಯಾವ ವರ್ಷದ ಹುಡುಗಿಯರೋ. ಪೊಲೀಸ್ ಬಟ್ಟೆಯಲ್ಲೇ ಬಂದವಳೊಬ್ಬಳು, ಕೂಲಿ ಬಿಟ್ಟು ಬಂದವಳೊಬ್ಬಳು, ಬಸುರಿಯೊಬ್ಬಳು. ನಮ್ಮವ್ವ ಬಂದಳು. ಒಂದೇ ಊರಿನಲ್ಲಿ ನಲವತ್ತು ವರ್ಷ ಬಾಳಿದ ಅವಳು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಟೀಚರ ಮನೆ ಯಾವುದೆಂದು ಯಾರನ್ನೋ ಕೇಳಿಕೊಂಡು ಬಂದು, ಹೂಮಾಲೆ ಹಾಕಿ, ಅಂಗಳದಲ್ಲಿ ಹೆಂಗಸರ ನಡುವೆ ನೆಲಕ್ಕೇ ಕೂತಳು.

ಬುದ್ಧವಂದನೆ ಮುಗಿಯಿತು. ಎತ್ತುವ ಹೊತ್ತಾಯಿತು. ಗಂಡಸರು ಮುಂದೆ ಬಂದರು. ಮಿಲಿಂದ ತಾನು ಹಿಡಿದಿದ್ದ ಚಟ್ಟದ ಬಿದಿರಿನಿಂದ ಕೈ ತೆಗೆದ.

“ಅಕ್ಕನ ಹುಡುಗ್ಯಾರು ಇಷ್ಟು ಮಂದಿ ಬಂದಾರ. ನಾವ್ಯಾಕ ಹೊರಬೇಕು?”

 ನಸ್ರೀನ್ ದುಪಟ್ಟಾ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಬಲಗಡೆಗೆ ನಿಂತಳು. ನಾನು ಎಡಗಡೆಗೆ. ಪೊಲೀಸ್ ಬಟ್ಟೆಯವಳು ಮತ್ತು ಕೂಲಿ ಬಿಟ್ಟು ಬಂದವಳು ಹಿಂದೆ. ಎತ್ತಿದೆವು. ದಾರಿಯಲ್ಲಿ ಹೆಗಲು ಬದಲಾಯಿಸಲು ಎಷ್ಟೊಂದು ಜನ ಕಾಯುತ್ತಿದ್ದರೆಂದರೆ, ನನ್ನ ಸರದಿ ಬೇಗ ಮುಗಿದುಹೋಯಿತೆಂದು ನನಗೆ ಸಿಟ್ಟೇ ಬಂತು.

ಹೆದ್ದಾರಿ ದಾಟುವಾಗ ಒಂದು ಬಸ್ಸು ನಿಂತಿತು. ಕಿಟಕಿಯಿಂದ ಇಣುಕಿದ ಒಬ್ಬ ಮುದುಕ, ಚಟ್ಟ ಹೊತ್ತ ಹೆಂಗಸರನ್ನು ನೋಡಿ ಬೆರಗಾಗಿ, ಮುಂದೆ ನಡೆಯುತ್ತಿದ್ದ ಮಿಲಿಂದನನ್ನು ಕೇಳಿದ.

“ಗಂಡುಮಕ್ಕಳು ಇಲ್ಲೇನಪ್ಪ ಈಕಿಗಿ? ಹೆಣ್ಣುಮಕ್ಕಳು ಎಷ್ಟು ಮಂದಿ?”

ಮಿಲಿಂದ ನಿಂತ. ಹಿಂದೆ ರಸ್ತೆಯುದ್ದಕ್ಕೂ ಬರುತ್ತಿದ್ದ ನಮ್ಮ ಸಾಲಿನ ಕಡೆ ಕೈ ಮಾಡಿದ.

“ಎಣಿಸ್ಕೋರಿ ಮುತ್ಯಾ” ಎಂದ.